ಪಾಂಡುವಿನ ಅಳತೆ ಅಂಗಿ

ವಾಸ್ಕೋ, ಗೋವಾ
೧೨ ಅಕ್ಟೋಬರ್ ೧೯೯೮

ಅಕ್ಕನಿಗೆ ಕಮಲಾಕ್ಷನ ನಮಸ್ಕಾರ.

ನಿನ್ನ ಎರಡು ಪತ್ರಗಳು ಒಟ್ಟಿಗೇ ಬಂದವು. ಎರಡರಲ್ಲೂ ಒಂದೇ ಪ್ರಶ್ನೆ, ಊಟಕ್ಕೆ ಜೊತೆಗೆ ಯಾರಾದರೂ ಇದ್ದಾರಾ ಅಂತ. ಇದ್ದಾರೆ ಅಕ್ಕಾ. ಒಬ್ಬರಲ್ಲ, ಮೂವರು. ಪಾಂಡು, ಸೂರ, ಪ್ರೇಮಾನಂದ. ಮೂವರೂ ನಮ್ಮ ಕಡೆಯವರೇ, ಬಂದರಿನಲ್ಲಿ ಕೆಲಸ. ನಾನು ಸ್ಟೋರ್ ನೋಡಿಕೊಳ್ಳುವ ಕ್ಯಾಂಟೀನಿಗೇ ಊಟಕ್ಕೆ ಬರುತ್ತಿದ್ದರು, ಹಾಗೆ ಪರಿಚಯ. ಈಗ ಒಂದೇ ಕೋಣೆಯಲ್ಲಿ ನಾಲ್ವರಿದ್ದೇವೆ. ರೈಲು ಶುರುವಾಯಿತಲ್ಲ, ಒಂದು ಸಲ ಬಂದು ನೋಡಿಕೊಂಡು ಹೋಗುತ್ತೇನೆ ಎಂದು ಬರೆದಿದ್ದೀಯ. ಈಗ ಬೇಡ. ಗಂಡಸರು ತುಂಬಿದ ಕೋಣೆಯಲ್ಲಿ ನಿನಗೆ ಕಾಲು ಚಾಚಲೂ ಜಾಗ ಸಿಗುವುದಿಲ್ಲ. ಸ್ವಲ್ಪ ದಿನ ಹೋಗಲಿ.

ಭಾನುವಾರ ಎಲ್ಲರೂ ಫುಟ್‌ಬಾಲ್ ನೋಡಲು ಹೋಗುತ್ತೇವೆ. ನಮ್ಮಲ್ಲಿ ಯಾವ ಯಕ್ಷಗಾನ ಮೇಳ ಒಳ್ಳೆಯದು ಎಂದು ಜಗಳವಾಡುವ ಹಾಗೆ ಇಲ್ಲಿ ಕ್ಲಬ್ಬುಗಳ ಬಗ್ಗೆ ಜಗಳ. ನಮ್ಮದು ಹಾರ್ಬರ್ ರೋವರ್ಸ್. ಕೆಂಪು ಅಂಗಿ, ಬಿಳಿ ಕಾಲರ್. ಆ ಅಂಗಿಯನ್ನು ಗೇಟಿನಲ್ಲೇ ಮಾರುತ್ತಾರೆ. ನಾನೂ ಒಂದು ತೆಗೆದುಕೊಂಡೆ. ನೀನು ನೋಡಿದ್ದರೆ ಒಲೆಗೆ ಹಾಕುತ್ತಿದ್ದೆ. ಒಂದೇ ಒಗೆತಕ್ಕೆ ಬಣ್ಣ ಬಿಟ್ಟು ನನ್ನ ಬಿಳಿ ಪಂಚೆಯೆಲ್ಲ ಗುಲಾಬಿ. ಬೆನ್ನಿನ ಸಂಖ್ಯೆಯನ್ನು ಅಂಟಿಸಿದ್ದಾರೆ ಅಷ್ಟೆ. ಇಸ್ತ್ರಿ ತಾಗಿದ್ದೇ ತಡ, ಮುರುಟಿ ಕೈಗೆ ಬಂತು.

ಗ್ಯಾಲರಿಯಲ್ಲಿ ಆಟಕ್ಕಿಂತ ಹೆಚ್ಚು ಮಾತು ಈ ಅಂಗಿಯದ್ದೇ. ಸೂರ ಹೇಳುತ್ತಾನೆ, ಇದು ಬಟ್ಟೆಯೇ ಅಲ್ಲ, ಮೀನು ಕಟ್ಟುವ ಪ್ಲಾಸ್ಟಿಕ್ಕು, ಬೆವರು ಒಳಗೇ ಕುದಿಯುತ್ತದೆ ಅಂತ. ಪ್ರೇಮಾನಂದನಿಗೆ ಎದೆಯ ಮೇಲಿನ ಲಾಂಛನದ ಹಿಂಬದಿ ಚುಚ್ಚಿ ಚುಚ್ಚಿ ಆಟ ಮುಗಿಯುವಾಗ ಎದೆ ಉರಿ. ಪಾಂಡು ಮಾತ್ರ, ಬೈಯುವುದಾದರೆ ಹಾಕಿಕೊಂಡೇ ಬೈಯಬೇಕು, ಬಿಚ್ಚಿಟ್ಟು ಬೈದರೆ ನಾವು ಎಂಥ ಅಭಿಮಾನಿಗಳು, ಎನ್ನುತ್ತಾನೆ.

ನನ್ನ ಅಕ್ಕ ಕೋಟೇಶ್ವರದಲ್ಲಿ ದರ್ಜಿ, ಅವಳು ಹೊಲಿದದ್ದು ಹೀಗೆಲ್ಲ ಬಿಡುವುದಿಲ್ಲ ಎಂದು ಜಂಬ ಕೊಚ್ಚಿಕೊಂಡೆ. ಈಗ ಮೂವರೂ ಹಿಂದೆ ಬಿದ್ದಿದ್ದಾರೆ. ಅವರ ಒಂದೊಂದು ಅಳತೆ ಅಂಗಿ, ನನ್ನದೊಂದು, ಒಟ್ಟು ನಾಲ್ಕನ್ನು ಪಾರ್ಸೆಲ್ ಮಾಡಿದ್ದೇನೆ. ಚೀಟಿಯಲ್ಲಿ ಹೆಸರು ಬರೆದು ಪಿನ್ ಚುಚ್ಚಿದೆ. ಮಾದರಿಗೆಂದು ಗೇಟಿನ ಅಂಗಿಯನ್ನೂ ಇಟ್ಟಿದ್ದೇನೆ. ಪುರುಸೊತ್ತಾದಾಗ ಹೊಲಿದುಕೊಡು.

ನಿನ್ನ ತಮ್ಮ,
ಕಮಲಾಕ್ಷ


ಕೋಟೇಶ್ವರ
೯ ನವೆಂಬರ್ ೧೯೯೮

ಕಮಲನಿಗೆ,

ಅಂಗಿ ಬಂದವು. ನಾಲ್ಕೂ ಸರಿಯಾಗಿ ಒಗೆದ ಅಂಗಿಗಳು, ನಿನ್ನ ದೋಸ್ತಿಗಳು ಶುಚಿಯಾದ ಮನುಷ್ಯರು ಎಂದುಕೊಂಡೆ. ನಾಲ್ಕಕ್ಕೂ ಎಡ ಭುಜ ಸವೆದಿದೆ. ಬಂದರಿನ ಕೆಲಸವಲ್ಲವೇ, ಹೊರುವುದು ಇರುತ್ತದೆ.

ಗೇಟಿನ ಅಂಗಿ ಹೊಲಿದ ಪುಣ್ಯಾತ್ಮ ಸಿಕ್ಕಿದರೆ ಒಂದು ಕೇಳಬೇಕು. ಆಟ ನೋಡುವವನು ಕೈ ಎತ್ತುತ್ತಾನೋ ಇಲ್ಲವೋ? ಕೈ ಎತ್ತುವವನಿಗೆ ಕಂಕುಳಲ್ಲಿ ಒಂದು ತುಂಡು ಬಟ್ಟೆ ಹೆಚ್ಚು ಕೊಡುವುದಕ್ಕೆ ಏನು ಕಷ್ಟ? ನಾನು ಕೊಟ್ಟಿದ್ದೇನೆ. ನೂಲಿನ ಬಟ್ಟೆಯನ್ನು ಎರಡು ಸಲ ಉಪ್ಪುನೀರಿನಲ್ಲಿ ನೆನೆಸಿ, ಒಣಗಿಸಿ, ಕುಗ್ಗುವಷ್ಟು ಕುಗ್ಗಿಸಿ ಆಮೇಲೆ ಕತ್ತರಿ ಹಾಕಿದ್ದು. ಸಂಖ್ಯೆಯನ್ನು ಬಿಳಿ ಬಟ್ಟೆಯಲ್ಲಿ ಕತ್ತರಿಸಿ ಸುತ್ತ ಹೊಲಿದಿದ್ದೇನೆ, ಇಸ್ತ್ರಿಯಲ್ಲ, ಕಲ್ಲಿಗೆ ಬಡಿದರೂ ಏಳುವುದಿಲ್ಲ. ಪ್ರೇಮಾನಂದನ ಎದೆ ಉರಿಗೆ ಲಾಂಛನದ ಹಿಂದೆ ಹಳೆ ವೇಷ್ಟಿಯ ಮೆತ್ತನೆಯ ತುಂಡು ಇಟ್ಟಿದ್ದೇನೆ ಎಂದು ಹೇಳು.

ಅಂಗಡಿಯ ಮುಂದೆ ನಾಲ್ಕನ್ನೂ ತೂಗುಹಾಕಿದ್ದೆ. ರವಿಕೆ ಕೊಡಲು ಬಂದ ಅಕ್ಕು ಕೇಳಿದಳು, "ಹ್ವಾಯ್ ವೇದಕ್ಕ, ಇದೆಂತ, ಹೊಸ ಇಸ್ಕೂಲಿನ ಯೂನಿಫಾರಮ್ಮಾ?" ನಾನು, "ಅಲ್ಲ ಮಾರಾಯ್ತಿ, ನಮ್ ಕಮ್ಲನ್ ದೋಸ್ತಿಗಳ್ದ್. ಫುಟ್‌ಬಾಲ್ ಕಾಂಬುಕೆ ಹೋಪತಿಗೆ ಹಾಕುದ್" ಎಂದೆ. ಹೇಳುವಾಗ ನನಗೇ ಒಂದು ಖುಷಿಯಾಯಿತು. ಅಮ್ಮ ಹೋದಮೇಲೆ ನೀನು ಊರು ಬಿಟ್ಟೆ, ಅಲ್ಲಿ ಮೂಲೆ ಹಿಡಿದು ಕೂತಿರುತ್ತೀಯ ಎಂದು ಹೆದರಿದ್ದೆ. ನೀನಾಗಿ ಯಾರ ಹತ್ತಿರವೂ ಮಾತು ಶುರುಮಾಡುವವನಲ್ಲ.

ಅವರು ಯಾರ ಮಕ್ಕಳು? ಯಾವ ಊರು, ಯಾವ ಮನೆ? ನಮ್ಮ ಕಡೆಯವರು ಎಂದರೆ ಸಾಕಾಯಿತೇ? ವಿವರವಾಗಿ ಬರೆ.

ನಿನ್ನ ಅಕ್ಕ,
ವೇದಾವತಿ


ವಾಸ್ಕೋ
೨೫ ಜನವರಿ ೧೯೯೯

ಅಕ್ಕಾ,

ಉತ್ತರ ತಡವಾಯಿತು. ಅಂಗಿ ಹಾಕಿಕೊಂಡು ಹೋದ ಮೊದಲ ದಿನವೇ ಹಿಂದಿನ ಸಾಲಿನ ಮುದುಕರೊಬ್ಬರು ನನ್ನ ಬೆನ್ನಿನ ಸಂಖ್ಯೆಯ ಅಂಚನ್ನು ಉಗುರಿನಿಂದ ಕೆರೆದು ನೋಡಿದರು. ಹಿಂದೆ ಕ್ಲಬ್ಬಿನ ಅಂಗಿ ಹೀಗೇ ಇತ್ತಂತೆ, ಮಗ ಹಾಕಿ ಬಿಟ್ಟದ್ದನ್ನು ಮೊಮ್ಮಗ ಹಾಕುತ್ತಿದ್ದನಂತೆ. ಈಗ ಪ್ರತಿವರ್ಷ ಮಾದರಿ ಬದಲಿಸುತ್ತಾರೆ, ಒಂದು ವರ್ಷ ಬಾಳಿದರೆ ಸಾಕೆಂದು ಹೊಲಿಯುತ್ತಾರೆ, ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಇನ್ನೊಬ್ಬರು ಒಪ್ಪಲಿಲ್ಲ. ಕ್ಲಬ್ಬು ಮಾರದ ಅಂಗಿ ಎಷ್ಟು ಗಟ್ಟಿಯಾದರೇನು, ಅದು ಬರೇ ಕೆಂಪು ಅಂಗಿ ಎಂದರು. ಆಟ ಮುಗಿದರೂ ಇಬ್ಬರ ವಾದ ಮುಗಿಯಲಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ಪಾಂಡು ಬಾರ್ಕೂರಿನವನು, ಕೋಟೆಯ ಹತ್ತಿರ ಮನೆ. ತಾಯಿ ಒಬ್ಬರೇ ಇದ್ದಾರೆ. ಪ್ರೇಮಾನಂದ ಬೈಂದೂರು. ಸೂರ ಗಂಗೊಳ್ಳಿ, ಆದರೆ ಸಣ್ಣದಿರುವಾಗಲೇ ಬೊಂಬಾಯಿಗೆ ಹೋದವನು, ಊರಲ್ಲಿ ಯಾರಿಗೂ ಗುರುತಿರಲಿಕ್ಕಿಲ್ಲ.

ಈ ಸಲ ಕಾಲರ್ ನೀಲಿ ಮಾಡಿದ್ದಾರೆ. ಇನ್ನೊಂದು ಜೊತೆ ಹೊಲಿದುಕೊಡುತ್ತೀಯಾ? ಅಳತೆ ಅದೇ. ಬರುತ್ತೇನೆ ಎಂದು ಮಾತ್ರ ಈಗ ಹೊರಡಬೇಡ. ಪಾಂಡುವಿನ ಕಾಲು ಉಳುಕಿ ಮಲಗಿದ್ದಾನೆ, ಕೋಣೆಯೆಲ್ಲ ಎಣ್ಣೆಯ ವಾಸನೆ.

ಕಮಲಾಕ್ಷ


ಕೋಟೇಶ್ವರ
೨೦ ಜೂನ್ ೧೯೯೯

ಕಮಲನಿಗೆ,

ಮದುವೆ ಸೀಸನ್ನಿನ ಹೊಲಿಗೆಯಲ್ಲಿ ತಡವಾಯಿತು. ನೀಲಿ ಕಾಲರಿನ ನಾಲ್ಕು ಅಂಗಿ ಕಳಿಸಿದ್ದೇನೆ. ಪಾಂಡುವಿನ ಕಾಲು ಇನ್ನೂ ನೋಯುತ್ತಿದ್ದರೆ ಎಂದು ಒಂದು ಶೀಶೆ ಎಣ್ಣೆಯೂ ಇಟ್ಟಿದ್ದೇನೆ, ಬಿಸಿ ಮಾಡಿ ಹಚ್ಚಲು ಹೇಳು. ಮೇಲಿನಿಂದ ಕೆಳಗೆ ತಿಕ್ಕಬೇಕು, ಅಡ್ಡಡ್ಡ ಅಲ್ಲ.

ಮಳೆ ಹಿಡಿದಿದೆ. ಶಾಲೆಯ ಯೂನಿಫಾರಂ ಕೆಲಸ ಮುಗಿಯಿತು, ಮದುವೆಯ ಕೆಲಸ ಇಲ್ಲ. ಮನೆಗೆ ಹೋಗಿ ಒಬ್ಬಳಿಗೆ ಅಡುಗೆ ಮಾಡುವುದು ಯಾಕೆಂದು ಬುತ್ತಿ ತಂದು ಅಂಗಡಿಯಲ್ಲೇ ಉಣ್ಣುತ್ತೇನೆ. ನಿನ್ನ ದೋಸ್ತಿಗಳ ಅಳತೆ ಅಂಗಿಗಳನ್ನು ಹಿಂದೆ ಕಳಿಸಿಲ್ಲ, ನೀನೂ ಕೇಳಿಲ್ಲ. ಗೋಡೆಗೆ ಒಂದೊಂದು ಮೊಳೆ ಹೊಡೆದು ತೂಗುಹಾಕಿದ್ದೇನೆ. ಬಂದವರು ಕೇಳಿದರೆ ಇದು ಪಾಂಡುವಿನದು, ಇದು ಸೂರನದು ಎನ್ನುತ್ತೇನೆ.

ದೀಪಾವಳಿಗೆ ಅಂಗಡಿಗೆ ಮೂರು ದಿನ ರಜೆ. ಆಗ ಬರುತ್ತೇನೆ. ಅಷ್ಟು ಹೊತ್ತಿಗೆ ಪಾಂಡುವಿನ ಕಾಲೂ ಪೂರ್ತಿ ಸರಿಯಾಗಿರುತ್ತದಲ್ಲ. ಎಲ್ಲರಿಗೂ ನಾನೇ ಬಂಗುಡೆ ಸಾರು ಮಾಡಿ ಹಾಕುತ್ತೇನೆ.

ವೇದಾವತಿ


ವಾಸ್ಕೋ
೨೮ ಸೆಪ್ಟೆಂಬರ್ ೧೯೯೯

ಅಕ್ಕಾ,

ದೀಪಾವಳಿಗೆ ಬೇಡ. ಪ್ರೇಮಾನಂದನ ನೆಂಟರು ಬರುತ್ತಾರೆ. ನಾನೇ ಊರಿಗೆ ಬರಲು ನೋಡುತ್ತೇನೆ, ರಜೆ ಸಿಕ್ಕರೆ. ಅಂಗಿ ಎಲ್ಲರಿಗೂ ಸರಿಯಾಯಿತು.

ಕಮಲಾಕ್ಷ


ಕೋಟೇಶ್ವರ
೧೪ ಫೆಬ್ರವರಿ ೨೦೦೦

ಪಾಂಡು ಅವರಿಗೆ,
ಕೇರಾಫ್ ಕಮಲಾಕ್ಷ, ವಾಸ್ಕೋ

ನಾನು ನಿಮ್ಮ ಗೆಳೆಯನ ಅಕ್ಕ. ನೀವು ನನ್ನನ್ನು ನೋಡಿಲ್ಲ, ನಾನೂ ನಿಮ್ಮನ್ನು ನೋಡಿಲ್ಲ. ಆದರೂ ಈ ಪತ್ರ ಬರೆಯಲು ನಿಮಗಿಂತ ಒಳ್ಳೆಯವರು ಸಿಗಲಿಲ್ಲ.

ಕಳೆದ ವಾರ ಮದುವೆ ರವಿಕೆ ಕೊಡಲು ಬಾರ್ಕೂರಿಗೆ ಹೋಗಿದ್ದೆ. ನಿಮ್ಮ ತಾಯಿ ಒಬ್ಬರೇ ಇದ್ದಾರೆಂದು ಕಮಲ ಬರೆದಿದ್ದನಲ್ಲ, ಅವರಿಗೆಂದು ಒಂದು ರವಿಕೆ ಅಂದಾಜಿನಲ್ಲಿ ಹೊಲಿದು ತೆಗೆದುಕೊಂಡು ಹೋಗಿದ್ದೆ. ಕೋಟೆಯ ಹತ್ತಿರ ಬಸ್ಸಿಳಿದು ಅಂಗಡಿಯವರನ್ನು ಕೇಳಿದೆ. "ಪಾಂಡುವಾ? ಗೋವದಗೆ ಇಪ್ಪವನಾ? ಆ ಹೆಸ್ರಿನವ್ರ್ ಈ ಬದಿಗೆ ಯಾರೂ ಇಲ್ಲೆ ಅಕ್ಕ" ಎಂದರು. ಇನ್ನೂ ನಾಲ್ಕು ಮನೆ ಕೇಳಿದೆ. ಬಿಸಿಲು ಬಹಳ ಇತ್ತು. ಒಂದು ಮನೆಯ ಹೆಂಗಸು ಕೂರಿಸಿ ನೀರು ಬೆಲ್ಲ ಕೊಟ್ಟರು. ರವಿಕೆ ಅವರಿಗೇ ಕೊಟ್ಟು ಬಂದೆ.

ಮನೆ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೋದೆ.

ನನ್ನ ತಮ್ಮ ಒಂಬತ್ತನೇ ವಯಸ್ಸಿನಲ್ಲಿ ನಾವುಂದದ ಅಜ್ಜನ ಮನೆಯಲ್ಲಿ ದೋಣಿಯಿಂದ ಬಿದ್ದು ಬಲ ಭುಜ ಮುರಿದುಕೊಂಡ. ಅಂದಿನಿಂದ ಏನು ಹೊರುವುದಿದ್ದರೂ ಎಡಕ್ಕೆ. ಎಡ ಭುಜ ಅರ್ಧ ಇಂಚು ಇಳಿದಿದೆ. ಮಾತಾಡಲು ಮುಜುಗರವಾದರೆ ಎರಡನೇ ಗುಂಡಿಯನ್ನು ತಿರುಚುತ್ತಾನೆ, ಅದರ ದಾರ ಯಾವತ್ತೂ ಸಡಿಲ. ನಿಮ್ಮ ಅಳತೆ ಅಂಗಿ ಮೇಜಿನ ಮೇಲೆ ಹರಡಿದ ದಿನ ಎಡ ಭುಜ ನೋಡಿದೆ, ಎರಡನೇ ಗುಂಡಿ ನೋಡಿದೆ. ಸೂರನದ್ದು ನೋಡಿದೆ. ಪ್ರೇಮಾನಂದನದ್ದು ನೋಡಿದೆ. ಒಂದು ದೊಗಲೆ, ಒಂದು ಬಿಗಿ, ಒಂದು ಉದ್ದ. ಆದರೆ ನಾಲ್ಕನ್ನೂ ತೊಟ್ಟದ್ದು ಒಂದೇ ಮೈ. ದರ್ಜಿ ಇಂಚು ಮಾತ್ರ ನೋಡುತ್ತಾಳೆ ಎಂದುಕೊಂಡ ನಿಮ್ಮ ಗೆಳೆಯ. ಬುದ್ಧಿವಂತ ಎಂದು ನಾನು ತಿಳಿದಿದ್ದೆ.

ಅವತ್ತು ಮಿಷನ್ ಮೇಲೆ ತಲೆಯಿಟ್ಟು ಅತ್ತೆ. ಆಮೇಲೆ ನಾಲ್ಕೂ ಅಂಗಿ ಹೊಲಿದೆ.

ನಾಳೆಯೇ ರೈಲು ಹತ್ತಿ ಬರಬಹುದು. ಬಂದರೆ ಅವನು ಬಾಗಿಲು ತೆಗೆಯುತ್ತಾನೆ, ಒಳಗೆ ಒಂದೇ ಚಾಪೆ ಇರುತ್ತದೆ, ಅವನು ನನ್ನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ. ಅದನ್ನು ನಾನು ನೋಡಲಾರೆ. ಅವನು ಕರೆಯದೆ ನಾನು ಬರುವುದಿಲ್ಲ. ಆದರೆ ನೀವು ಅವನ ಜೊತೆಗೇ ಇದ್ದೀರಿ. ಅವನು ಹೇಗಿದ್ದಾನೆ? ಅವನನ್ನು ಕೇಳಿದರೆ ಎಲ್ಲ ಸರಿ ಎನ್ನುತ್ತಾನೆ. ನೀವು ನಿಜ ಹೇಳಿ.

ವೇದಾವತಿ


ವಾಸ್ಕೋ
೩೦ ಏಪ್ರಿಲ್ ೨೦೦೦

ವೇದಾವತಿ ಅಕ್ಕನವರಿಗೆ,

ನಾನು ಪಾಂಡು ಬರೆಯುತ್ತಿದ್ದೇನೆ. ಅಕ್ಷರ ನಿಮ್ಮ ತಮ್ಮನದ್ದರ ಹಾಗೇ ಇದೆ ಅನ್ನಿಸಿದರೆ ಕ್ಷಮಿಸಿ.

ಕಮಲಾಕ್ಷ ಆರೋಗ್ಯವಾಗಿದ್ದಾನೆ. ಕೆಲಸದ ದಿನ ತೊಂದರೆಯಿಲ್ಲ. ಅಕ್ಕಿ ಚೀಲ ಇಳಿಸುವುದು, ಬೇಳೆ ತೂಗಿ ಕೊಡುವುದು, ಎಷ್ಟು, ಬಂತಾ, ಸಾಕಾ ಎಂಬ ಮೂರು ಮಾತಿನಲ್ಲಿ ದಿನ ಕಳೆಯುತ್ತದೆ. ಭಾನುವಾರ ಕಷ್ಟ. ಮೊದಲ ಸಲ ಮೈದಾನಕ್ಕೆ ಹೋದದ್ದು ಜನ ಇರುವಲ್ಲಿ ಕೂರೋಣ ಎಂದು. ಅವನ ಹಿಂದೆ ಮುಂದೆ ಎಲ್ಲರೂ ಗೇಟಿನ ಅಂಗಿಯನ್ನು ಬೈಯುತ್ತಿದ್ದರು. ಒಬ್ಬ ಪ್ಲಾಸ್ಟಿಕ್ ಎಂದ, ಒಬ್ಬ ಎದೆ ಉರಿಯುತ್ತದೆ ಎಂದ, ಒಬ್ಬ ಹಾಕಿಕೊಂಡೇ ಬೈಯಬೇಕು ಎಂದ. ಇವನದ್ದೂ ಬಣ್ಣ ಬಿಟ್ಟಿತ್ತು, ಇವನಿಗೂ ಹೇಳಲು ಇತ್ತು. ಬಾಯಿ ಬರಲಿಲ್ಲ. ಮನೆಗೆ ಬಂದು ನಿಮಗೆ ಬರೆದ. ಬರೆಯುವಾಗ, ಯಾರೋ ಹೇಳಿದರು ಎಂದು ಬರೆಯುವ ಬದಲು ಸೂರ ಹೇಳಿದ ಎಂದು ಬರೆದ. ಬರೆದದ್ದು ಓದಲು ಚೆನ್ನಾಗಿತ್ತು.

ನೀವು ಅಂಗಿ ಕಳಿಸಿದಿರಿ. ಅದನ್ನು ಯಾರಿಗೆ ಕೊಡುವುದು? ಪೆಟ್ಟಿಗೆಯಲ್ಲಿಟ್ಟರೆ ನಿಮಗೆ ಮೋಸ ಮಾಡಿದ ಹಾಗೆ ಎಂದು ಮೈದಾನಕ್ಕೆ ತೆಗೆದುಕೊಂಡು ಹೋದ. ತನ್ನ ಪಕ್ಕದಲ್ಲಿ ಮೂರು ಜಾಗದ ಮೇಲೆ ಮೂರನ್ನೂ ಹರಡಿದ. ಯಾರಾದರೂ ಇಲ್ಲಿ ಕೂರಬಹುದಾ ಎಂದರೆ, ಜನ ಬರುತ್ತಾರೆ ಎಂದ. ಗ್ಯಾಲರಿಯಲ್ಲಿ ಅವನಾಡುವ ಮಾತು ಅದೊಂದೇ ಅಕ್ಕ. ಒಂದೂವರೆ ವರ್ಷದಿಂದ ಪ್ರತಿ ಭಾನುವಾರ ಅದನ್ನೇ ಆಡುತ್ತಿದ್ದಾನೆ. ಈಗ ಎಲ್ಲರಿಗೂ ಗೊತ್ತಾಗಿದೆ, ಯಾರೂ ಕೇಳುವುದಿಲ್ಲ.

ನೀವು ಬಿಸಿಲಿನಲ್ಲಿ ಬಾರ್ಕೂರು ಸುತ್ತಿದ್ದು ಓದಿ ಅವನು ಊಟ ಮಾಡಲಿಲ್ಲ. ಕ್ಷಮೆ ಕೇಳಲು ಅವನಿಗೆ ಮುಖವಿಲ್ಲ, ಅದಕ್ಕೆ ನಾನು ಕೇಳುತ್ತಿದ್ದೇನೆ.

ಪಾಂಡು


ಕೋಟೇಶ್ವರ
೨೧ ಮೇ ೨೦೦೦

ಪಾಂಡು ಅವರಿಗೆ,

ಕ್ಷಮೆ ಬೇಡ. ನನ್ನದೂ ಒಂದು ತಪ್ಪಿದೆ, ಅದನ್ನೂ ಅವನಿಗೆ ತಲುಪಿಸಿ.

ಮೊದಲ ದಿನವೇ ಗೊತ್ತಾದದ್ದನ್ನು ಒಂದೂವರೆ ವರ್ಷ ಯಾಕೆ ಬಚ್ಚಿಟ್ಟೆ? ತಮ್ಮನಿಗೆ ನಾಚಿಕೆಯಾದೀತು ಎಂದು ಹೋದ ಪತ್ರದಲ್ಲಿ ಬರೆದೆ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ ನನಗೂ ನೀವು ಬೇಕಾಗಿದ್ದಿರಿ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಆ ಮೂರು ಅಂಗಿ ನೋಡಿದರೆ, ಮನೆಯಲ್ಲಿ ಜನ ಇದ್ದಾರೆ ಅನ್ನಿಸುತ್ತಿತ್ತು. ನಿಮ್ಮ ಕಾಲಿಗೆ ಎಣ್ಣೆ ಕಾಸುವಾಗ ನನಗೆ ನಿಜಕ್ಕೂ ಚಿಂತೆಯಾಗಿತ್ತು. ಇಲ್ಲದ ಕಾಲಿಗೆ ಎಣ್ಣೆ ಕಾಸಿದ ಹೆಂಗಸನ್ನು ನೀವು ನೋಡಿದ್ದೀರಾ?

ಮಧ್ಯಾಹ್ನ ಒಂದೂವರೆಗೆ ಬುತ್ತಿ ಬಿಚ್ಚುತ್ತೇನೆ. ಹೆದ್ದಾರಿಯಲ್ಲಿ ಬಸ್ಸು ನಿಂತ ಸದ್ದಾದರೆ ತಲೆಯೆತ್ತಿ ನೋಡುತ್ತೇನೆ. ಇಳಿದವರಲ್ಲಿ ಅವನಿಲ್ಲ. ಮತ್ತೆ ಉಣ್ಣುತ್ತೇನೆ. ನನಗೆ ಬೇಸರವಾಗುತ್ತದೆ ಪಾಂಡು, ಬಹಳ ಬೇಸರವಾಗುತ್ತದೆ. ಇದನ್ನು ಅವನಿಗೆ ನಾನು ಯಾವತ್ತೂ ಬರೆದಿಲ್ಲ. ಅಕ್ಕನಾದವಳು ಬರೆಯಬಾರದು ಎಂದುಕೊಂಡಿದ್ದೆ.

ಇನ್ನು ನಿಮ್ಮ ಅಳತೆಗೆ ಅಂಗಿ ಹೊಲಿಯುವುದಿಲ್ಲ. ನಿಮಗೆ ಪತ್ರವನ್ನೂ ಬರೆಯುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ. ಮುಂದಿನ ಪತ್ರ ನನ್ನ ತಮ್ಮನೇ ಬರೆಯಬೇಕು. ಎಷ್ಟು ದಿನವಾದರೂ ಆಗಲಿ.

ವೇದಾವತಿ


ವಾಸ್ಕೋ
೨೦ ನವೆಂಬರ್ ೨೦೦೦

ಅಕ್ಕಾ,

ಆರು ತಿಂಗಳಾಯಿತು. ಹತ್ತು ಸಲ ಬರೆದು ಹರಿದೆ. ಬೈಯುವುದಿದ್ದರೆ ಆಮೇಲೆ ಬೈ, ಮೊದಲು ಪೂರ್ತಿ ಓದು.

ಮಳೆಗಾಲ ಮುಗಿದು ಆಟ ಶುರುವಾಯಿತು. ಮೊದಲ ಮೂರು ಭಾನುವಾರ ಹಾಗೇ ಅಂಗಿ ಹರಡಿ ಕೂತೆ. ಮೊನ್ನೆ ಐದನೇ ತಾರೀಕಿಗೆ ಹರಡಲಿಲ್ಲ. ಚೀಲದಲ್ಲೇ ಇಟ್ಟುಕೊಂಡೆ. ಅರ್ಧ ಗಂಟೆ ಯಾರೂ ಬರಲಿಲ್ಲ, ಆ ಜಾಗ ನನ್ನದೆಂದು ಅಭ್ಯಾಸವಾಗಿದೆಯಲ್ಲ. ಆಮೇಲೆ ಹೊಸಬನೊಬ್ಬ, ದಪ್ಪ ಆಸಾಮಿ, ಏನೂ ಕೇಳದೆ ಬಂದು ಧೊಪ್ಪೆಂದು ಕೂತ. ಗೇಟಿನ ಅಂಗಿ ಹಾಕಿದ್ದ. ಕೂತವನೇ ಅದನ್ನು ಮೈಯಿಂದ ಎಳೆದು ಎಳೆದು ಬೈಯಲು ಶುರುಮಾಡಿದ. ನಾನು ಯಾವತ್ತಿನ ಹಾಗೆ ಕೇಳುತ್ತಾ ಕೂತೆ. ಅವನ ಕುತ್ತಿಗೆಯೆಲ್ಲ ಕೆಂಪು ಬಣ್ಣ ಹಿಡಿದಿತ್ತು. ನೋಡಲಾಗದೆ ಚೀಲದಿಂದ ದೊಗಲೆಯದ್ದು ತೆಗೆದು ಅವನ ಮುಂದೆ ಹಿಡಿದೆ. 

ಅವನು ಅಲ್ಲೇ ಗ್ಯಾಲರಿಯಲ್ಲಿ ಬಿಚ್ಚಿ ಹಾಕಿಕೊಂಡ. ಬಟ್ಟೆ ಮುಟ್ಟಿ ನೋಡಿದ, ಸಂಖ್ಯೆ ಕೆರೆದು ನೋಡಿದ. ಆಮೇಲೆ ತೋಳು ಎತ್ತಿ, "ಇಲ್ಲಿ ಹಿಡಿಯುತ್ತದೆ. ನಿನ್ನ ದರ್ಜಿಗೆ ಕಣ್ಣು ಕಾಣುವುದಿಲ್ಲವಾ?" ಎಂದ. ನನಗೆ ಎಲ್ಲಿಂದ ಸಿಟ್ಟು ಬಂತೋ. "ನಮ್ಮಕ್ಕ ಹೊಲಿದದ್ದ್ ಅದ್! ನಿನ್ ಹೊಟ್ಟಿ ಅಳತಿ ಅವಳಿಗೆ ಗೊತ್ತಿತ್ತಾ?" ಎಂದು ನಮ್ಮ ಭಾಷೆಯಲ್ಲೇ ಕೂಗಿದೆ. ಅವನಿಗೆ ಒಂದು ಅಕ್ಷರ ಅರ್ಥವಾಗಲಿಲ್ಲ. ನನ್ನ ಮುಖ ನೋಡಿ ನಕ್ಕ. ಹಿಂದಿನ ಸಾಲಿನ ಮುದುಕರು, ಇವನಿಗೆ ಬಾಯಿ ಇದೆಯಾ ಎಂದರು. ಆಮೇಲೆ ನಾನು ಕೊಂಕಣಿಯಲ್ಲಿ ಕಂಕುಳ ತುಂಡು, ಉಪ್ಪುನೀರು, ವೇಷ್ಟಿಯ ತುಂಡು ಎಲ್ಲ ಹೇಳಿದೆ. ಆಟ ಮುಗಿಯುವವರೆಗೂ ಹೇಳಿದೆ. ಹೋಗುವಾಗ ಅವನು, ಹತ್ತೊಂಬತ್ತರ ಆಟಕ್ಕೆ ಬರುತ್ತೇನೆ, ಜಾಗ ಹಿಡಿದಿಡು ಎಂದ. ಅವನ ಹೆಸರು ರತೀಶ್. ಇದು ನಾನು ಇಟ್ಟ ಹೆಸರಲ್ಲ.

ನಿನ್ನೆ ಹತ್ತೊಂಬತ್ತು. ಒಂದು ಗಂಟೆ ಮೊದಲೇ ಹೋಗಿ ಪಕ್ಕದಲ್ಲಿ ಟವೆಲ್ ಹಾಸಿ ಕೂತೆ. ಅವನು ಬರಲಿಲ್ಲ. ರೋವರ್ಸ್ ಎರಡು ಗೋಲು ಹೊಡೆಯಿತು, ಎರಡನ್ನೂ ನಾನು ನೋಡಲಿಲ್ಲ, ಗೇಟಿನ ಕಡೆಗೇ ಕಣ್ಣು. ಎಲ್ಲರೂ ಹೋದಮೇಲೂ ಸ್ವಲ್ಪ ಹೊತ್ತು ಕೂತಿದ್ದೆ. ಅವನಿಗೆ ಹುಷಾರಿಲ್ಲವೋ, ಕೆಲಸವೋ, ಮರೆತನೋ. ಆ ಮೂವರು ಬಾರದೆ ಎರಡು ವರ್ಷವಾಯಿತು, ಒಂದು ದಿನವೂ ನನಗೆ ಹೀಗಾಗಿರಲಿಲ್ಲ. ಅಲ್ಲೇ ಕೂತಿದ್ದಾಗ ನಿನ್ನ ಮಧ್ಯಾಹ್ನದ ಊಟ ನೆನಪಾಯಿತು. ಪ್ರತಿ ಬಸ್ಸಿಗೂ ನಿನಗೆ ಹೀಗೇ ಆಗುತ್ತದೆ ಅಲ್ಲವೇ? ನಿನಗೆ ಹೀಗೆ ಮಾಡಿದವನು ನಾನು.

ಪಾಂಡು ಇಲ್ಲ ಅಕ್ಕಾ. ಸೂರನೂ ಇಲ್ಲ, ಪ್ರೇಮಾನಂದನೂ ಇಲ್ಲ. ನಿನಗೆ ಗೊತ್ತಿದ್ದರೂ ಇದನ್ನು ನಾನು ನನ್ನ ಹೆಸರಿನಲ್ಲಿ ಬರೆಯಬೇಕಿತ್ತು. ರತೀಶ್ ಬರಬಹುದು, ಬಾರದೆಯೂ ಇರಬಹುದು.

ಶನಿವಾರದ ರೈಲಿಗೆ ಹೊರಡು. ಮಡಗಾಂವ್ ಸ್ಟೇಷನ್ನಿಗೆ ನಾನು ಬರುತ್ತೇನೆ. ನಿನ್ನೆ ರಾತ್ರಿ ಕೋಣೆ ಗುಡಿಸಿದೆ. ಇಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. ಬಾ ಅಕ್ಕಾ, ಬೇಕಾದಷ್ಟು ಜಾಗವಿದೆ.

ನಿನ್ನ ತಮ್ಮ,
ಕಮಲಾಕ್ಷ